ಸಂಜ್ಞಾನಾತ್ಮಕ ವರ್ತನ ಚಿಕಿತ್ಸೆಯ ಸಂಶೋಧನ ಸಾಹಿತ್ಯ: ಆಧಾರಗಳ ವಿಮರ್ಶೆ

ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆಗಳಲ್ಲಿ ಸಂಜ್ಞಾನಾತ್ಮಕ ವರ್ತನ ಚಿಕಿತ್ಸೆಯಷ್ಟು ಪರೀಕ್ಷೆಗೆ ಒಳಗಾದುದು ಬೇರೊಂದಿಲ್ಲ. ಘಟನೆಗಿಂತಲೂ ಆ ಘಟನೆಗೆ ಮನುಷ್ಯನು ಕಲ್ಪಿಸಿಕೊಳ್ಳುವ ಅರ್ಥವೇ ಅವನ ದುಃಖವನ್ನು ಬೆಳೆಸುತ್ತದೆ. ಆ ಅರ್ಥವನ್ನು ಪರೀಕ್ಷಿಸಿ, ನಡವಳಿಕೆಯನ್ನು ಮೆಲ್ಲಮೆಲ್ಲನೆ ಬದಲಿಸಿದರೆ ದುಃಖವು ತಗ್ಗುತ್ತದೆ ಎಂಬುದು ಇದರ ಮೂಲತತ್ತ್ವ. ಇತಿಹಾಸದ ಅಧ್ಯಾಪಕರಿಗೆ ಇಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಚಿಕಿತ್ಸೆಯ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಆದರೆ ಅದರ ಪರವಾಗಿ ಮುಂದಿಟ್ಟ ಆಧಾರಗಳನ್ನು ಬರೆದವರು ಯಾರು, ಅವುಗಳಲ್ಲಿ ಯಾರ ಮಾತು ಉಳಿದಿದೆ, ಯಾರದು ಅಳಿದಿದೆ ಎಂದು ಕೇಳುವುದು ನಮ್ಮ ವೃತ್ತಿಗೆ ಸೇರಿದ ವಿಷಯವೇ.

ಈ ಪದ್ಧತಿಯ ಪ್ರವರ್ತಕನಾದ ಏರನ್ ಬೆಕ್ (1921–2021) ಫಿಲಡೆಲ್ಫಿಯದಲ್ಲಿ ಮನೋವಿಶ್ಲೇಷಕನಾಗಿ ಕೆಲಸಮಾಡಿದವನು. ಖಿನ್ನತೆಯೆಂದರೆ ತನ್ನ ಮೇಲೆಯೇ ತಿರುಗಿದ ದ್ವೇಷವೆಂಬ ಫ್ರಾಯ್ಡನ ವಾದವನ್ನು ಸಮರ್ಥಿಸಲೆಂದು ಅವನು ರೋಗಿಗಳ ಕನಸುಗಳನ್ನು ಪರಿಶೀಲಿಸಿದನು. ಅಲ್ಲಿ ಕಂಡುಬಂದುದು ದ್ವೇಷವಲ್ಲ, ಸೋಲು ಮತ್ತು ನಷ್ಟದ ಚಿತ್ರಗಳು. ಹೀಗೆ ರೋಗಿಯ ಮಾತಿಗೆ ಕಿವಿಗೊಟ್ಟುದರಿಂದಲೇ ಈ ಚಿಕಿತ್ಸೆ ಹುಟ್ಟಿತೆಂದು ಹೇಳಬೇಕು. ಆದರೆ 1961ರಲ್ಲಿ ಅವನೇ ಸಹೋದ್ಯೋಗಿಗಳೊಡನೆ ಪ್ರಕಟಿಸಿದ 21 ಅಂಶಗಳ ಖಿನ್ನತಾ ಮಾಪಕವು ಆ ಮಾತನ್ನು ಅಂಕಿಯಾಗಿ ಮಾರ್ಪಡಿಸಿತು. 1979ರಲ್ಲಿ ಬೆಕ್, ರಷ್, ಷಾ ಮತ್ತು ಎಮರಿ ಅವರ ಕೈಪಿಡಿ ಹೊರಬಂದಿತು. ಕೈಪಿಡಿ ಇದ್ದುದರಿಂದಲೇ ಚಿಕಿತ್ಸೆಯನ್ನು ಕಲಿಸುವುದೂ ಪರೀಕ್ಷಿಸುವುದೂ ಸುಲಭವಾಯಿತೆಂಬುದು ನಿರ್ವಿವಾದ.

ಪರೀಕ್ಷೆಗಳ ಕಥೆ ಅಷ್ಟು ನೇರವಾಗಿಲ್ಲ. 1977ರ ಮೊದಲ ಹೋಲಿಕೆಯಲ್ಲಿ 41 ರೋಗಿಗಳಿದ್ದರು. ಇಮಿಪ್ರಮೀನ್ ಎಂಬ ಔಷಧಿಗಿಂತ ಈ ಚಿಕಿತ್ಸೆಯೇ ಮೇಲೆಂದು ತೀರ್ಮಾನವಾಯಿತು. ವರದಿಯ ಲೇಖಕರಲ್ಲಿ ಬೆಕ್ ಕೂಡ ಒಬ್ಬನು. ಅಂತಿಮ ಮಾಪನಕ್ಕೆ ಮೊದಲೇ ಔಷಧಿಯನ್ನು ಇಳಿಸಲಾಗಿತ್ತೆಂಬ ಆಕ್ಷೇಪ ಆಮೇಲೆ ಬಂದಿತು. 1989ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪರೀಕ್ಷೆ ಇನ್ನೂ ದೊಡ್ಡದು: 3 ಕೇಂದ್ರಗಳು, 250 ರೋಗಿಗಳು, 16 ವಾರಗಳು. ತೀವ್ರ ಖಿನ್ನತೆಯುಳ್ಳವರಲ್ಲಿ ಔಷಧಿಯೇ ಮೇಲಾಯಿತು. ನಮ್ಮ ಚಿಕಿತ್ಸೆಯಾದರೋ ಹುಸಿಗುಳಿಗೆ ಮತ್ತು ವೈದ್ಯನ ಆರೈಕೆ ಪಡೆದವರಿಗಿಂತ ಸ್ಪಷ್ಟವಾಗಿ ಮುಂದೆ ಬರಲಿಲ್ಲ. ಆಗ ಪದ್ಧತಿಯ ಪಕ್ಷದವರು, ಎಲ್ಲ ಕೇಂದ್ರಗಳ ಚಿಕಿತ್ಸಕರೂ ಸಾಕಷ್ಟು ನುರಿತವರಾಗಿರಲಿಲ್ಲವೆಂದರು. ಗೆದ್ದರೆ ಪದ್ಧತಿಯ ಹಿರಿಮೆ, ಸೋತರೆ ಪ್ರಯೋಗಿಸಿದವನ ಕೊರತೆ! ರಾಜನು ಸೋತಾಗ ಸೇನಾಪತಿಯನ್ನು ದೂರುವ ಆಸ್ಥಾನ ಚರಿತ್ರಕಾರರ ನೆನಪು ನಮಗಾದುದು ಸಹಜ. ಆದರೂ ನ್ಯಾಯವಾಗಿ ಹೇಳಬೇಕಾದರೆ, ಆ ವಾದ ಪೂರ್ತಿ ಟೊಳ್ಳಲ್ಲ. 2005ರಲ್ಲಿ ಪ್ರಕಟವಾದ, 240 ರೋಗಿಗಳ ಇನ್ನೊಂದು ಪರೀಕ್ಷೆಯಲ್ಲಿ ಫಿಲಡೆಲ್ಫಿಯ ಮತ್ತು ನ್ಯಾಷ್‌ವಿಲ್ ಕೇಂದ್ರಗಳ ಫಲಗಳು ಭಿನ್ನವಾದುವು. ಚಿಕಿತ್ಸಕರ ಅನುಭವದ ತಾರತಮ್ಯ ಕಾರಣವಾಗಿರಬಹುದೆಂದು ಸಂಶೋಧಕರು ಊಹಿಸಿದರು.

ಹಾಗಾದರೆ ನುರಿತವನು ಯಾರು? 1980ರ ಯಂಗ್ ಮತ್ತು ಬೆಕ್ ಅವರ ಮಾಪಕ 11 ಅಂಶಗಳಲ್ಲಿ ಇದಕ್ಕೆ ಉತ್ತರ ಕೊಡುತ್ತದೆ. ಅಂಕ ಹಾಕುವವನು ಇನ್ನೊಬ್ಬ ಪರಿಣತ. ಎದುರಿಗೆ ಕುಳಿತ ರೋಗಿಯಲ್ಲ. ಬೋಧನೆಯ ಕ್ಷೇತ್ರದಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದುದು ಬೆನೆಟ್-ಲೀವಿಯು 2001ರಲ್ಲಿ ಪ್ರಕಟಿಸಿದ ಅಧ್ಯಯನ. ಕಲಿಯುವವರು ತಮ್ಮ ಚಿಂತೆಗಳ ಮೇಲೆಯೇ ಈ ವಿಧಾನವನ್ನು ಪ್ರಯೋಗಿಸಿ, ಕಂಡುದನ್ನು ಬರೆದಿಡಬೇಕು. ಚಿಕಿತ್ಸಕನು ಇಲ್ಲಿ ಸ್ವಲ್ಪಕಾಲ ರೋಗಿಯ ಕುರ್ಚಿಯಲ್ಲಿ ಕೂರುತ್ತಾನೆ. ಆದರೆ ಪಾಠ ಮುಗಿದೊಡನೆ ಎದ್ದುಹೋಗುವ ಸ್ವಾತಂತ್ರ್ಯ ಅವನಿಗಿದೆಯೆಂಬುದನ್ನು ಮರೆಯಲಾಗದು.

ರೋಗಿಯ ಅನುಭವವನ್ನು ಕುರಿತ ಸಂದರ್ಶನಾಧ್ಯಯನಗಳು ಇಲ್ಲದೆ ಇಲ್ಲ. ಅವುಗಳ ಸ್ಥಾನ ಮಾತ್ರ ಅಂಕಿಗಳ ನೆರಳಿನಲ್ಲಿ. ವಿಚಿತ್ರವೆಂದರೆ, ಈ ಚಿಕಿತ್ಸೆಯು ರೋಗಿಯ ಕೈಯಿಂದಲೇ ದಿನದಿನವೂ ದಾಖಲೆ ಬರೆಯಿಸುತ್ತದೆ. ಸಂದರ್ಭ, ಭಾವ, ತಟ್ಟನೆ ಬಂದ ಆಲೋಚನೆ, ಅದಕ್ಕೆ ಕೊಟ್ಟುಕೊಂಡ ಉತ್ತರ, ಫಲ ಎಂಬ ಅಂಕಣಗಳ ಆ ಆಲೋಚನಾಪತ್ರವನ್ನು ಯಾವ ಚರಿತ್ರಕಾರನು ತಾನೇ ಬಿಟ್ಟಾನು? ದತ್ತಿ ಕೊಟ್ಟವನ ಹೆಸರನ್ನು ಶಾಸನ ಹೇಳುತ್ತದೆ, ಭೂಮಿ ಉತ್ತವನ ಮಾತು ಸಿಗುವುದಿಲ್ಲವೆಂದು ಕೊರಗುವವರು ನಾವು. ಇಲ್ಲಿ ಉತ್ತವನೇ ಬರೆದಿದ್ದಾನೆ; ಸಂಶೋಧಕನು ಅಂಕವನ್ನೆತ್ತಿಕೊಂಡು ಹಾಳೆಯನ್ನು ಬದಿಗಿಡುತ್ತಾನೆ. ಗೌಪ್ಯದ ಅಡ್ಡಿಯುಂಟೆಂಬುದು ನಿಜ. ಹೆಸರು ಮರೆಸಿ, ಒಪ್ಪಿಗೆ ಪಡೆದು ಓದುವ ಕ್ರಮವೂ ಉಂಟಷ್ಟೆ.

ನಮ್ಮ ನಾಡಿಗೆ ಇದು ದೂರದ ಮಾತಲ್ಲ. ಗೋವದಲ್ಲಿ ಸಾಮಾನ್ಯ ಸಲಹೆಗಾರರ ಮೂಲಕ ಇದೇ ಮನೆತನದ ವರ್ತನಪ್ರಧಾನ ಚಿಕಿತ್ಸೆಯನ್ನು 495 ಜನರಲ್ಲಿ ಪರೀಕ್ಷಿಸಿದ ವರದಿ 2017ರಲ್ಲಿ ಬಂದು, ಸತ್ಫಲವನ್ನು ತಿಳಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನೋವಿಜ್ಞಾನದ ಶಿಕ್ಷಣ ನಡೆಯುತ್ತಿದೆ. ಕನ್ನಡದ ರೋಗಿಯೊಬ್ಬನು ಆ ಅಂಕಣಗಳನ್ನು ತುಂಬಲು ಕುಳಿತನೆಂದು ಭಾವಿಸೋಣ. ಆಲೋಚನೆ ಬೇರೆ, ಭಾವ ಬೇರೆ ಎಂದು ವಿಂಗಡಿಸುವುದು ಈ ಚಿಕಿತ್ಸೆಯ ಮೊದಲ ಪಾಠ. ಆದರೆ ‘ಹಾಗನ್ನಿಸಿತು’ ಎಂಬ ನಮ್ಮ ಒಂದೇ ಕ್ರಿಯಾಪದ ಎರಡನ್ನೂ ಹೇಳುತ್ತದೆ. ‘ಬೇಜಾರು’ ಎಂಬುದು ದುಃಖವೂ ಹೌದು, ಬೇಸರವೂ ಹೌದು, ಕೆಲವೊಮ್ಮೆ ಅಡಗಿಸಿದ ಸಿಟ್ಟೂ ಹೌದು. ‘ಯಾರಿಗೂ ನಾನು ಬೇಡವೆನ್ನಿಸಿ ಬೇಜಾರಾಯಿತು’ ಎಂದು ಅವನು ಬರೆದುದನ್ನು ಯಾವ ಅಂಕಣಕ್ಕೆ ಸೇರಿಸಬೇಕು, ಅದಕ್ಕೆ ನೂರಕ್ಕೆ ಎಷ್ಟು ಅಂಕ? ಉತ್ತರವು ಮಾಪಕದಲ್ಲಿಲ್ಲ, ಆ ಹಾಳೆಯನ್ನು ಇಟ್ಟುಕೊಂಡು, ಅವನನ್ನೇ ಮತ್ತೆ ಕೇಳಬೇಕು.