ಗಾಜಿನಾಚೆಯ ದಣಿವು

ಈಚೆಗೆ ಗೆಳೆಯರೊಬ್ಬರು ನನ್ನ ಕೈಗೆ ಒಂದು ಚಿತ್ರಸಂಪುಟವನ್ನಿತ್ತು, "ಕರುಣರಸ ಇದರಲ್ಲಿ ತುಂಬಿ ತುಳುಕುತ್ತಿದೆ, ನೋಡಿ" ಎಂದರು. ಮೈಕೇಲ್ ವುಲ್ಫ್ ಎಂಬ ಜರ್ಮನ್ ಛಾಯಾಗ್ರಾಹಕರ 'ಟೋಕಿಯೋ ಕಂಪ್ರೆಷನ್' ಅದು. ಮೊದಲು ಅಚ್ಚಾದದ್ದು 2010ರಲ್ಲಿ. ನೋಡಿದೆ, ಎರಡು ದಿನ ಅದರ ಗುಂಗಿನಲ್ಲೇ ಇದ್ದೆ. ಆದರೂ ಗೆಳೆಯರ ಮಾತನ್ನು ಪೂರ್ತಿ ಒಪ್ಪಲು ಮನಸ್ಸು ಬಾರದು.

ಟೋಕಿಯೋ ನಗರದ ರೈಲು. ಕೆಲಸಕ್ಕೆ ಹೊರಟವರ ನೂಕುನುಗ್ಗಲು. ಹಬೆ ಹಿಡಿದ ಕಿಟಕಿಯ ಗಾಜಿಗೆ ಮುಖಗಳು ಒತ್ತಿಕೊಂಡಿವೆ. ಕೆಲವರು ಕಣ್ಣು ಮುಚ್ಚಿದ್ದಾರೆ. ಕೆಲವರು ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದಿದ್ದಾರೆ. ಮೈಗೆ ಮೈ ತಗುಲಿ ನಿಂತಿದ್ದರೂ ಒಬ್ಬರಿಗೊಬ್ಬರು ಯಾರೂ ಅಲ್ಲ. ಆ ಇಕ್ಕಟ್ಟಿನಲ್ಲಿ ಮನುಷ್ಯ ತನ್ನಿಚ್ಛೆಯಂತೆ ಮುಚ್ಚಿಕೊಳ್ಳಬಹುದಾದ ಬಾಗಿಲೆಂದರೆ ಕಣ್ಣಿನ ರೆಪ್ಪೆಯೊಂದೇ. ಇದನ್ನು ಕಂಡು ತೋರಿಸಿದ್ದು ವುಲ್ಫರ ಹಿರಿಮೆ.

ಆದರೆ ಕರುಣರಸ? ಭರತಮುನಿಯ ಪ್ರಕಾರ ರಸಕ್ಕೆ ಅನುಭಾವವೊಂದೇ ಸಾಲದು, ವಿಭಾವವೂ ಬೇಕು. ಕಣ್ಣೀರು, ನಿಟ್ಟುಸಿರು, ಬಾಡಿದ ಮುಖ ಇವೆಲ್ಲ ಅನುಭಾವ. ಯಾರಿಂದ, ಏತರಿಂದ ಹೀಗಾಯಿತೆಂಬುದು ವಿಭಾವ. ಈ ಚಿತ್ರಗಳಲ್ಲಿ ಮುಖ ಬಾಡಿದೆ, ಬಾಡಿಸಿದ್ದೇನೆಂಬುದು ಕಾಣದು. ರೈಲಿನ ಇಕ್ಕಟ್ಟೇ ಕಾರಣವಲ್ಲವೆ ಎನ್ನಬಹುದು. ಇಕ್ಕಟ್ಟು ಇಳಿಯುವ ನಿಲ್ದಾಣದಲ್ಲಿ ಮುಗಿಯುತ್ತದೆ, ದಣಿವು ಮುಗಿಯುವುದಿಲ್ಲ. ಅತಿಯಾದ ದುಡಿತದಿಂದ ಬರುವ ಸಾವಿಗೆ ಜಪಾನೀ ನುಡಿಯಲ್ಲಿ 'ಕರೋಶಿ' ಎಂಬ ಹೆಸರೇ ಇದೆ. ಅದನ್ನು ತಡೆಯಲೆಂದು 2014ರಲ್ಲಿ ಅಲ್ಲಿ ಶಾಸನವಾಯಿತು. 2021ರಲ್ಲಿ ಜನರ ಒಂಟಿತನದ ವಿಚಾರವನ್ನೂ ಒಬ್ಬ ಮಂತ್ರಿಗೆ ವಹಿಸಿದರು. ಸರಕಾರವೇ ಕಾರಣ ಹುಡುಕ ಹೊರಟಿರುವಾಗ ಕಲೆ ಮುಖದ ಬಳಿಯೇ ನಿಂತರೆ ಸಾಕೆ?

ಇಲ್ಲಿ ನನಗೆ ಅಕಿರಾ ಕುರೊಸಾವ ಅವರ 'ಇಕಿರು' ಚಲನಚಿತ್ರ ನೆನಪಾಗುತ್ತದೆ. ತೆರೆಗೆ ಬಂದದ್ದು 1952ರಲ್ಲಿ. ಅದರ ನಾಯಕ ವಾತಾನಾಬೆ ನಗರಾಡಳಿತದ ಕಚೇರಿಯಲ್ಲಿ ಒಂದು ವಿಭಾಗದ ಮುಖ್ಯಸ್ಥ. ಕಾಗದಪತ್ರಗಳಿಗೆ ಮುದ್ರೆಯೊತ್ತುತ್ತಲೇ ಆಯುಷ್ಯ ಸವೆಸಿದವನು. ಹೊಟ್ಟೆಯ ಕ್ಯಾನ್ಸರೆಂದು ತಿಳಿದ ಮೇಲೆ, ಕೊಳಚೆ ನಿಂತ ಜಾಗದಲ್ಲಿ ಮಕ್ಕಳಿಗೊಂದು ಉದ್ಯಾನ ಮಾಡಿಸಲು ಹೆಣಗುತ್ತಾನೆ. ಕೊನೆಗೊಂದು ರಾತ್ರಿ, ಬೀಳುವ ಹಿಮದಲ್ಲಿ, ಅದೇ ಉದ್ಯಾನದ ಉಯ್ಯಾಲೆಯಲ್ಲಿ ಕುಳಿತು ಒಬ್ಬನೇ ಹಾಡಿಕೊಳ್ಳುತ್ತಾನೆ. ಕಂಡ ಪೊಲೀಸಿನವನು, ಯಾರೋ ಕುಡುಕನೆಂದು ಸುಮ್ಮನಾಗುತ್ತಾನೆ. ಆಮೇಲೆ ಸತ್ತವನ ಟೋಪಿ ಹಿಡಿದು ಆ ಮನೆಗೆ ಬಂದು ತನ್ನ ತಪ್ಪನ್ನು ಹೇಳಿಕೊಳ್ಳುತ್ತಾನೆ. ಅವನ ಮಾತು ಕೇಳುವಾಗ ನಮಗೆ ಎದೆ ಹಿಂಡುತ್ತದೆ. ಏಕೆಂದರೆ ಉಯ್ಯಾಲೆಯಲ್ಲಿದ್ದವನು ಯಾರೆಂಬುದನ್ನು ನಾವು ಬಲ್ಲೆವು.

ನಿಶ್ಚಲಚಿತ್ರಕ್ಕೆ ಕಥೆ ಹೇಳುವ ಅವಕಾಶವೆಲ್ಲಿ ಎಂದು ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ವುಲ್ಫರ ಕ್ಯಾಮೆರಾ ಆ ಪೊಲೀಸಿನವನಂತೆ ಹಾದುಹೋಗಲಿಲ್ಲ, ನಿಂತು ನೋಡಿತು; ಅಷ್ಟು ಮಟ್ಟಿಗೆ ನಾವು ಅದಕ್ಕೆ ಋಣಿಗಳು. ಆದರೆ ಟೋಪಿ ಹಿಡಿದು ಮನೆಯವರೆಗೆ ಹೋಗಲಿಲ್ಲ. ಅಂಗೈ ಅಡ್ಡ ಹಿಡಿದು ಬೇಡವೆಂದವರ ಚಿತ್ರವನ್ನೂ ಅಚ್ಚು ಹಾಕಿಸಿತು. ಆ ಪುಟಗಳ ಮುಂದೆ ನನಗಾದದ್ದು ಕರುಣೆಗಿಂತ ಹೆಚ್ಚಾಗಿ ಸಂಕೋಚ.

ಸಂಪುಟವನ್ನು ನೋಡಬೇಡಿ ಎಂದು ನಾನು ಹೇಳಲಾರೆ. ನೋಡಿದವರು 'ಇಕಿರು'ವನ್ನೂ ನೋಡಲಿ.