ಸ್ಕಾಟನ ಇಬ್ಬರು ಪ್ರಭುಗಳು: ಮಾಂಟ್ರೋಸ್ ಮತ್ತು ಆರ್ಗೈಲ್

ಸರ್ ವಾಲ್ಟರ್ ಸ್ಕಾಟನು 1819ರಲ್ಲಿ ಪ್ರಕಟಿಸಿದ ‘ಎ ಲೆಜೆಂಡ್ ಆಫ್ ಮಾಂಟ್ರೋಸ್’ ಕಾದಂಬರಿಯನ್ನು ಓದಿ ಮುಗಿಸಿದವರ ನೆನಪಿನಲ್ಲಿ ಉಳಿಯುವವನು ಮಾಂಟ್ರೋಸನಲ್ಲ, ಡುಗಾಲ್ಡ್ ಡಾಲ್ಗೆಟಿ. ಯೂರೋಪಿನ ನಾನಾ ಸೈನ್ಯಗಳಲ್ಲಿ ಸಂಬಳಕ್ಕಾಗಿ ಕಾದಿ ಬಂದು, ಹೋದಲ್ಲೆಲ್ಲ ತನ್ನ ಆಬರ್ಡೀನಿನ ವಿದ್ಯಾಭ್ಯಾಸವನ್ನೂ ಗುಸ್ಟಾವಸ್ ದೊರೆಯ ಯುದ್ಧಗಳನ್ನೂ ಬಣ್ಣಿಸುವ ಈ ಮಾತುಗಾರ ಯೋಧನನ್ನು ವಿಮರ್ಶಕರು ಹೊಗಳುತ್ತಲೇ ಬಂದಿದ್ದಾರೆ. ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಕೃತಿಗೆ ತನ್ನ ಹೆಸರನ್ನಿತ್ತ ಪ್ರಭು ಅದರೊಳಗೆ ನೆರಳಾಗಿ ಉಳಿದುದೇಕೆ?

ಚರಿತ್ರೆಯ ಮಹಾಪುರುಷರನ್ನು ಅಂಚಿನಲ್ಲಿರಿಸಿ ಸಾಮಾನ್ಯರನ್ನು ನಡುವೆ ನಿಲ್ಲಿಸುವುದು ಸ್ಕಾಟನ ಪದ್ಧತಿಯೆಂಬ ಸಮಾಧಾನವುಂಟು. ಲೂಕಾಚನು ಇದನ್ನು ಸಿದ್ಧಾಂತವಾಗಿಯೇ ಮಂಡಿಸಿದ್ದಾನೆ. ಒಪ್ಪಬಹುದು. ಆದರೆ ಅಂಚಿನಲ್ಲಿರುವುದು ಬೇರೆ, ಹುರುಳಿಲ್ಲದಿರುವುದು ಬೇರೆ.

ಚರಿತ್ರೆಯ ಮಾಂಟ್ರೋಸನಲ್ಲಿ ಹುರುಳಿಗೇನೂ ಕೊರತೆಯಿರಲಿಲ್ಲ. ರಾಜನ ಧರ್ಮನೀತಿಯನ್ನು ಪ್ರತಿಭಟಿಸಿದ 1638ರ ಪ್ರತಿಜ್ಞಾಪತ್ರಕ್ಕೆ ಅವನು ಸಹಿ ಹಾಕಿದ್ದನು. ಮರುವರ್ಷ ಆ ಪಕ್ಷದ ನಾಯಕನಾಗಿ ಆಬರ್ಡೀನ್ ನಗರವನ್ನು ಹೊಕ್ಕನು. 1644ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಸೇನಾಧಿಪತಿಯಾಗಿ ಹಳೆಯ ಸಂಗಡಿಗರ ಮೇಲೆಯೇ ಕತ್ತಿ ಹಿರಿದನು. ಆ ಸೆಪ್ಟೆಂಬರಿನಲ್ಲಿ ಅವನ ಸೈನ್ಯ ಅದೇ ಆಬರ್ಡೀನನ್ನು ಸೂರೆ ಮಾಡಿತು. ತಾನು 1638ರ ಪ್ರತಿಜ್ಞೆಯನ್ನು ಎಂದೂ ಮುರಿದಿಲ್ಲವೆಂಬುದೇ ಅವನ ಕಡೆಯ ವಾದವಾಗಿತ್ತು. ಅವನು ಕವಿಯೂ ಹೌದು: ಅವನದೆಂದು ಹೆಸರಾದ ಪ್ರೇಮಗೀತೆಯೊಂದು ಪ್ರೇಯಸಿಯ ಹೃದಯದಲ್ಲಿ ಸಮಿತಿಗಳ ಆಡಳಿತ ಬೇಡ, ಏಕಪ್ರಭುತ್ವವೇ ಇರಲಿ ಎಂದು ಕೇಳುತ್ತದೆ. ಒಲವಿನ ಮಾತಿಗೂ ಆಸ್ಥಾನದ ನುಡಿಗಟ್ಟೇ ಒದಗಿದ ಈ ಮನಸ್ಸು ಕಾದಂಬರಿಕಾರನಿಗೆ ದೊರೆತ ನಿಧಿ.

ಸ್ಕಾಟನು ಈ ನಿಧಿಯನ್ನು ಮುಟ್ಟಲಿಲ್ಲ. ಮಾಂಟ್ರೋಸನು ಮೊದಲು ಸೇವಕನ ವೇಷದಲ್ಲಿ ಬರುತ್ತಾನೆ. ವೇಷ ಕಳಚಿದ ಮೇಲೆ ಕಾಣುವುದು ಸಭ್ಯನಾದ, ಸಮಯಜ್ಞನಾದ ಸೇನಾನಿ ಮಾತ್ರ. ಎರಡು ನಿಷ್ಠೆಗಳ ತೊಡಕು ಕಾದಂಬರಿಯಲ್ಲಿ ಇಲ್ಲವೆಂದಲ್ಲ, ಅದು ಡಾಲ್ಗೆಟಿಯ ಪಾಲಾಗಿದೆ. ಫಿಲಿಪ್‌ಹಾ ಕದನದಲ್ಲಿ ಸೆರೆಸಿಕ್ಕ ಅವನು, ಪಕ್ಷ ಬದಲಿಸಿದರೆ ಜೀವ ಉಳಿಯುವುದೆಂದರೂ, ಮಾಂಟ್ರೋಸನೊಡನೆ ಮಾಡಿಕೊಂಡ ಕರಾರಿನಲ್ಲಿ ಇನ್ನೂ ಹದಿನೈದು ದಿನಗಳಷ್ಟು ಬಾಕಿಯಿದೆಯೆಂದು ಒಪ್ಪುವುದಿಲ್ಲ. ಅವಧಿ ಮುಗಿದೊಡನೆ ಒಪ್ಪುತ್ತಾನೆ. ನಮ್ಮ ಹಳಗನ್ನಡ ಕವಿಗಳು ಜೋಳವಾಳಿಯೆಂದು ಕರೆದ ಋಣ ಇಲ್ಲಿ ದಿನಗಣನೆಯ ಲೆಕ್ಕವಾಗಿದೆ. ಹಾಸ್ಯ ಸೊಗಸಾಗಿದೆ. ಆದರೆ ಈ ಹಾಸ್ಯಕ್ಕೆ ಎದುರಾಗಿ ನಿಲ್ಲಬೇಕಾಗಿದ್ದ ಗಂಭೀರ ಪಾತ್ರ ಖಾಲಿಯಾಗಿರುವುದರಿಂದ ಅದು ಪ್ರಹಸನದ ಮಟ್ಟದಲ್ಲಿಯೇ ನಿಂತುಬಿಡುತ್ತದೆ.

ಇದು ಸ್ಕಾಟನ ಶಕ್ತಿಯ ಮಿತಿಯೆನ್ನುವಂತಿಲ್ಲ. ಹಿಂದಿನ ವರ್ಷ, 1818ರಲ್ಲಿ, ಬಂದ ‘ದಿ ಹಾರ್ಟ್ ಆಫ್ ಮಿಡ್ಲೋಥಿಯನ್’ ಕಾದಂಬರಿಯ ಆರ್ಗೈಲ್ ಡ್ಯೂಕನನ್ನು ನೋಡಬೇಕು. ಮಾಂಟ್ರೋಸನ ಬದ್ಧವೈರಿಯಾಗಿದ್ದ ಆರ್ಗೈಲನ ಮರಿಮಗ ಇವನು. 1715ರ ದಂಗೆಯನ್ನು ಎದುರಿಸಿದ ಸೇನಾನಿ. 1737ರಲ್ಲಿ, ಪೋರ್ಟಿಯಸನ ಕೊಲೆಗಾಗಿ ಎಡಿನ್‌ಬರೋ ನಗರವನ್ನು ದಂಡಿಸುವ ಮಸೂದೆಯನ್ನು ವಿರೋಧಿಸಿದವನು. ಅವನೂ ಅಂಚಿನ ಪಾತ್ರವೇ. ಆದರೆ ತಂಗಿಯ ಪ್ರಾಣಭಿಕ್ಷೆಗಾಗಿ ನಡೆದು ಬಂದ ಜೀನಿ ಡೀನ್ಸಳನ್ನು ಕ್ಯಾರೊಲಿನ್ ರಾಣಿಯ ಮುಂದೆ ನಿಲ್ಲಿಸುವಾಗ ಅವನ ಸ್ಥಿತಿಯೆಲ್ಲ ಬಯಲಾಗುತ್ತದೆ. ಹುಡುಗಿಯ ಮಾತು ಎಲ್ಲೆ ಮೀರಿದರೆ ತಾನು ಕೊರಳ ವಸ್ತ್ರವನ್ನು ಮುಟ್ಟಿಕೊಂಡು ಸನ್ನೆ ಮಾಡುವುದಾಗಿ ಅವನು ಮೊದಲೇ ಹೇಳಿಕೊಟ್ಟಿರುತ್ತಾನೆ. ಆಸ್ಥಾನದ ಅಭ್ಯಾಸ, ನಾಡಿನ ಅಭಿಮಾನ, ರಾಣಿಗೆ ತಾನೂ ಬೇಕಾದವನೆಂಬ ಅರಿವು, ಇಷ್ಟೂ ಆ ಸಣ್ಣ ಸನ್ನೆಯಲ್ಲಿ ಅಡಗಿವೆ. ಇಷ್ಟಕ್ಕೆ ಒಂದು ದೃಶ್ಯ ಸಾಕಾಯಿತು.

ಮಾಂಟ್ರೋಸನಿಗೆ ಅಂಥ ಒಂದು ದೃಶ್ಯವೂ ದೊರೆಯಲಿಲ್ಲ. 1645ರ ಫೆಬ್ರವರಿಯ ಇನ್‌ವರ್ಲಾಕಿ ವಿಜಯದೊಡನೆ ಕಥೆ ತನ್ನ ತುದಿಯನ್ನು ಮುಟ್ಟಿಬಿಡುತ್ತದೆ. ಅವನು ಸೋತುದು, ದೇಶ ಬಿಟ್ಟುದು, ಎರಡನೆಯ ಚಾರ್ಲ್ಸನು ಅವನನ್ನು ಯುದ್ಧಕ್ಕೆ ಅಟ್ಟಿ ಇತ್ತ ವೈರಿಗಳೊಡನೆ ಒಪ್ಪಂದ ಮಾಡಿಕೊಂಡುದು, 1650ರ ಮೇ 21ರಂದು ಎಡಿನ್‌ಬರೋದಲ್ಲಿ ಅವನನ್ನು ಗಲ್ಲಿಗೇರಿಸಿದುದು ಎಲ್ಲವೂ ಹೊರಗುಳಿದಿವೆ. ಸ್ಕಾಟನಿಗೆ ಈ ಸಾಮಗ್ರಿ ತಿಳಿಯದೆ ಇರಲಿಲ್ಲ. ಮುಂದೆ ಮೊಮ್ಮಗನಿಗಾಗಿ ಬರೆದ ‘ಟೇಲ್ಸ್ ಆಫ್ ಎ ಗ್ರಾಂಡ್‌ಫಾದರ್’ ಎಂಬ ಚರಿತ್ರೆಯಲ್ಲಿ ಅವನೇ ಆ ಮರಣವನ್ನು ನಿರೂಪಿಸಿದ್ದಾನೆ.