ಹೃದಯದ ಗೋದಲಿಗೆ ಖರ್ಚಿಲ್ಲ

ಡಿಸೆಂಬರ್ ಬಂತೆಂದರೆ ಚರ್ಚುಗಳಲ್ಲಿ ಒಂದು ಪ್ರವಚನ ತಪ್ಪುವುದಿಲ್ಲ. ನಕ್ಷತ್ರದೀಪ, ಕೇಕು, ಹೊಸ ಬಟ್ಟೆ, ಕುಸ್ವಾರ್ ತಿಂಡಿ ಎಲ್ಲ ಹೊರಗಿನ ಆಡಂಬರ. ನಿಜವಾದ ಗೋದಲಿಯನ್ನು ಹೃದಯದಲ್ಲಿ ಕಟ್ಟಿಕೊಳ್ಳಿ ಅಂತ. ಜನ ತಲೆದೂಗುತ್ತಾರೆ, ಮನೆಗೆ ಹೋಗಿ ಹಬ್ಬದ ಅಡಿಗೆಗೆ ಒಲೆ ಹಚ್ಚುತ್ತಾರೆ. ಅವರದು ಬೂಟಾಟಿಕೆ ಎಂದು ನನಗನ್ನಿಸಿಲ್ಲ. ನನ್ನ ತಕರಾರಿರುವುದು ಪ್ರವಚನದ ಮೇಲೆ. ಹೃದಯದ ಗೋದಲಿಗೆ ಹುಲ್ಲು ಹೊರಬೇಕಿಲ್ಲ, ಕಾಸು ಬಿಚ್ಚಬೇಕಿಲ್ಲ, ಯಾರೂ ಬಂದು ನೋಡುವಂತೆಯೂ ಇಲ್ಲ. ಇಷ್ಟು ಅಗ್ಗದ ಭಕ್ತಿ ಇನ್ನೆಲ್ಲಿ ಸಿಕ್ಕೀತು?

ದೇವರು ಮೈ ತಳೆದು ಬಂದ, ಹಸಿವು ಚಳಿ ಇರುವ ಕೂಸಾಗಿ ಬಂದ ಎನ್ನುವುದೇ ಈ ಹಬ್ಬದ ಹೂರಣ. ಅದನ್ನು ಬರೀ ಮನಸ್ಸಿನಲ್ಲಿ ಆಚರಿಸಿ ಎಂದರೆ ದೇವರು ಇಳಿದು ಬಂದ ಮೆಟ್ಟಿಲನ್ನು ನಾವು ಹತ್ತಿ ಹೋದಂತೆ.

ಗೋದಲಿಯ ಪದ್ಧತಿಯನ್ನು ಊರೂರಿಗೆ ಹಬ್ಬಿಸಿದ ಕೀರ್ತಿ ಅಸ್ಸಿಸಿಯ ಫ್ರಾನ್ಸಿಸನಿಗೆ ಸಲ್ಲುತ್ತದೆ. ಇಟಲಿಯ ಗ್ರೆಚ್ಚೊದಲ್ಲಿ 1223ರ ಕ್ರಿಸ್ಮಸ್ ರಾತ್ರಿ ಆತ ಹುಲ್ಲು ಹಾಸಿಸಿ, ಜೀವಂತ ಎತ್ತು, ಕತ್ತೆಗಳನ್ನೇ ತರಿಸಿ ನಿಲ್ಲಿಸಿದ. ಬಡತನವನ್ನೇ ಮದುವೆಯಾದವನಂತೆ ಬದುಕಿದ ಆ ಮನುಷ್ಯ ಕ್ರಿಸ್ಮಸ್ಸನ್ನು ಸರಳವಾಗಿ ಮುಗಿಸಿ ಎನ್ನಲಿಲ್ಲ. ಅವನ ಚರಿತ್ರೆ ಬರೆದ ಚೆಲಾನೊದ ಥಾಮಸ್ ಹೇಳುವ ಪ್ರಕಾರ, ಹಬ್ಬ ಶುಕ್ರವಾರ ಬಿದ್ದಿದೆ, ಮಾಂಸ ವರ್ಜ್ಯವಲ್ಲವೇ ಎಂಬ ಮಾತು ಬಂದಾಗ ಅವನು ರೇಗಿದನಂತೆ. ಇವತ್ತು ಗೋಡೆಗಳೂ ಮಾಂಸ ತಿನ್ನಬೇಕು, ತಿನ್ನಲಾಗದಿದ್ದರೆ ಹೊರಗಿನಿಂದಾದರೂ ಬಳಿಯಬೇಕು ಅನ್ನುವ ಮಟ್ಟಿಗೆ! ಹಕ್ಕಿಗಳಿಗೆಂದು ದಾರಿಯ ಮೇಲೆ ಕಾಳು ಚೆಲ್ಲಬೇಕು, ಎತ್ತು ಕತ್ತೆಗಳಿಗೆ ಮೇವು ಹೆಚ್ಚಿಗೆ ಹಾಕಬೇಕು, ಉಳ್ಳವರು ಬಡವರಿಗೆ ಹೊಟ್ಟೆ ತುಂಬ ಉಣ್ಣಿಸಬೇಕು ಎಂಬುದೂ ಅವನ ಆಸೆಯಾಗಿತ್ತು. ಅವನು ಹಬ್ಬದೂಟವನ್ನು ಕಡಿಮೆ ಮಾಡಲಿಲ್ಲ, ಪಂಕ್ತಿಯನ್ನು ಉದ್ದ ಮಾಡಿದ.

ಕಡಿಮೆ ಮಾಡಿದವರೂ ಇದ್ದಾರೆ. ಕಟ್ಟುನಿಟ್ಟಿನ ಪ್ರೊಟೆಸ್ಟಂಟರಾದ ಪ್ಯೂರಿಟನ್ನರ ಪ್ರಾಬಲ್ಯದ ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ಸನ್ನೇ ರದ್ದು ಮಾಡಿತು. ಕುಡಿತ, ಕುಣಿತದ ಬಗ್ಗೆ ಅವರಿಗಿದ್ದ ಸಿಟ್ಟು ಸುಳ್ಳಲ್ಲ. ಆದರೆ ಹಬ್ಬಗಳನ್ನು ಕಿತ್ತುಕೊಂಡ ಮೇಲೆ ಕೆಲಸದಾಳುಗಳಿಗೆ, ಕಸಬು ಕಲಿಯುವ ಹುಡುಗರಿಗೆ ತಿಂಗಳಿಗೊಂದು ಮಂಗಳವಾರ ಬಿಡುವು ಕೊಡಿ ಎಂದು ಅದೇ ಪಾರ್ಲಿಮೆಂಟು ಕಟ್ಟಳೆ ಮಾಡಬೇಕಾಯಿತು. ಹಬ್ಬ ಯಾರಿಗೆ ಹೆಚ್ಚು ಬೇಕಾಗಿತ್ತು ಎನ್ನುವುದು ಅಲ್ಲೇ ತಿಳಿಯುತ್ತದೆ.

ಹಾಗಾದರೆ ಮಾಲಿನ ಪ್ಲಾಸ್ಟಿಕ್ ಮರಕ್ಕೂ ಜೈ ಅನ್ನೋಣವೇ? ಬೇಡ. ಆದರೆ ಅದನ್ನು ಬಯ್ಯುವುದು ಸುಲಭ. ಬಯ್ದವನಿಗೆ ಪುಣ್ಯವೂ ಬಂದಂತೆನಿಸುತ್ತದೆ. ಪ್ರಾಮಾಣಿಕತೆಯನ್ನು ಅಳೆಯುವುದಿದ್ದರೆ ಮಂಗಳೂರಿನ ಕ್ರೈಸ್ತ ಮನೆಗಳ ಕುಸ್ವಾರ್ ತಟ್ಟೆಯ ಹಿಂದೆ ನಡೆದು ನೋಡಬೇಕು. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಜೋಡಿಸಿದ ಆ ತಟ್ಟೆ ಹಿಂದೂ, ಮುಸ್ಲಿಂ ನೆರೆಮನೆಗಳಿಗೂ ಹೋಗುತ್ತದೆ, ಸಂತೋಷ. ಮೊದಲ ತಟ್ಟೆ ಡಾಕ್ಟರ ಮನೆಗೋ, ಮೇಲಧಿಕಾರಿಯ ಮನೆಗೋ? ಪಾತ್ರೆ ತೊಳೆಯುವಾಕೆಗೆ ಸಿಗುವುದು ಅದೇ ತಟ್ಟೆಯೋ, ಡಬ್ಬದ ತಳದ ಪುಡಿಯೋ? ಆಸ್ತಿಯ ವ್ಯಾಜ್ಯದಲ್ಲಿ ಮಾತು ಬಿಟ್ಟ ತಮ್ಮನ ಬಾಗಿಲಿಗೆ ಅದು ಹೋಗುತ್ತದೋ? ಕುಸ್ವಾರನ್ನು ಆಡಂಬರ ಎಂದು ತಳ್ಳಿಬಿಟ್ಟರೆ ಈ ಪ್ರಶ್ನೆಗಳೆಲ್ಲ ತಪ್ಪಿಹೋಗುತ್ತವೆ. ಬಹುಶಃ ಅದಕ್ಕೇ ಆ ಪ್ರವಚನ ನಮಗೆ ಅಷ್ಟು ಹಿತ.

ಚರ್ಚಿನ ಪಂಚಾಂಗ ಈ ವಿಷಯದಲ್ಲಿ ಪ್ರವಚನಕಾರರಿಗಿಂತ ಚುರುಕು. ರೋಮನ್ ಪದ್ಧತಿಯಲ್ಲಿ ಡಿಸೆಂಬರ್ 26 ಸಂತ ಸ್ತೆಫಾನನ ಹಬ್ಬ. ಅವನನ್ನು ನಾವು ಮೊದಲ ರಕ್ತಸಾಕ್ಷಿ ಎಂದಷ್ಟೇ ನೆನೆಯುತ್ತೇವೆ. ಅವನಿಗೆ ಮೊದಲು ಸಿಕ್ಕಿದ ಕೆಲಸ ಬೇರೆ. ಜೆರುಸಲೇಮಿನ ಸಭೆಯಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ದೂರು ಬಂತು. ಬಡಿಸುವುದನ್ನು ನೋಡಿಕೊಳ್ಳಲು ಏಳು ಮಂದಿಯನ್ನು ಆರಿಸಿದರು, ಆ ಪಟ್ಟಿಯಲ್ಲಿ ಮೊದಲ ಹೆಸರು ಸ್ತೆಫಾನನದು.